ತೋಳಿಗೊಂದು ಮೋಟಾರು, ಬಲೆಗಲ್ಲ

ಅತ್ತಿಬೆಲೆ ದಾಟಿ ಹೊಸೂರಿಗೆ ಕಾಲಿಟ್ಟರೆ ದೇಶದ ವಿದ್ಯುತ್ ಸ್ಕೂಟರುಗಳ ತವರಿಗೆ ಬಂದಂತೆ. 1980ರಲ್ಲಿ ಟಿವಿಎಸ್ 50 ಮೊಪೆಡ್ಡು ಹೊರಬಂದದ್ದು ಇಲ್ಲಿಂದ. ಇಂದು ಅದೇ ಕಂಪನಿಯ ವಿದ್ಯುತ್ ಸ್ಕೂಟರು ಹೊರಬರುತ್ತಿರುವುದೂ ಇಲ್ಲಿಂದಲೇ. ಬೆಂಗಳೂರಿನಲ್ಲಿ ಹುಟ್ಟಿದ ಏಥರ್ ತನ್ನ ಕಾರ್ಖಾನೆಯನ್ನು ಹೊಸೂರಿಗೆ ತಂದಿತು. ಸಿಂಪಲ್ ಎನರ್ಜಿ ಶೂಳಗಿರಿಯಲ್ಲಿದೆ. ಕೃಷ್ಣಗಿರಿ ಜಿಲ್ಲೆಯ ಇನ್ನೊಂದು ತುದಿಯ ಪೋಚಂಪಳ್ಳಿ ಕಡೆ ಓಲಾದ ದೊಡ್ಡ ಕಾರ್ಖಾನೆಯಿದೆ. ಇವೆಲ್ಲ ಬರುವ ಮೊದಲೇ ಎಕ್ಸೈಡ್ ಹೊಸೂರಿನಲ್ಲಿ ಸೀಸದ ಬ್ಯಾಟರಿ ಮಾಡುತ್ತಿತ್ತು. ಮೋಟಾರು, ಬ್ಯಾಟರಿ, ಚಾರ್ಜರು, ಅದನ್ನು ಬಿಚ್ಚಿ ಜೋಡಿಸಬಲ್ಲ ಐಟಿಐ ಹುಡುಗರು ಎಲ್ಲವೂ ಒಂದೇ ಜಿಲ್ಲೆಯಲ್ಲಿ ಇಷ್ಟು ಹತ್ತಿರಹತ್ತಿರ ಸಿಗುವ ಜಾಗ ನಮ್ಮಲ್ಲಿ ಹೆಚ್ಚಿಲ್ಲ.

ಇದೇ ಜಿಲ್ಲೆಯ ಜಲಾಶಯಗಳಲ್ಲಿ ಮೀನು ಹಿಡಿಯುವವನ ಹರಿಗೋಲು ಮಾತ್ರ ಇಂದಿಗೂ ರಟ್ಟೆಬಲದಲ್ಲೇ ಸಾಗುತ್ತದೆ. ಹೊಸೂರಿನ ಮಗ್ಗುಲಿನ ಕೆಲವರಪಳ್ಳಿ ಅಣೆಕಟ್ಟಿರಲಿ, ಕೃಷ್ಣಗಿರಿಯ ಕೆಆರ್‌ಪಿ ಡ್ಯಾಮ್ ಇರಲಿ, ಬೆಳಗಿನ ಜಾವ ಬಲೆ ಎತ್ತಲು ಹೊರಡುವವರ ಕೈಯಲ್ಲಿರುವುದು ಹುಟ್ಟು. ದಡದಿಂದ ತುಸು ದೂರದ ಹೆದ್ದಾರಿಯಲ್ಲಿ ಲಾರಿ ತುಂಬ ವಿದ್ಯುತ್ ಸ್ಕೂಟರುಗಳು ಸಾಗುತ್ತಿರುತ್ತವೆ. ಈ ಎರಡನ್ನೂ ಕೂಡಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೆ ಅದಕ್ಕೆ ಸಿಗುವ ಉತ್ತರಗಳು ಎರಡು ಅತಿಗಳಿಗೆ ಹೋಗಿ ನಿಲ್ಲುತ್ತವೆ. ಒಂದು, ಯಂತ್ರ ಬಂದರೆ ಬಡವನ ಬಾಳು ಬೆಳಗಿತು ಎಂಬ ಯೋಜನೆಯ ಭಾಷೆ. ಇನ್ನೊಂದು, ಸಾಂಪ್ರದಾಯಿಕ ಮೀನುಗಾರಿಕೆಯನ್ನು ಮುಟ್ಟಲೇಬಾರದು ಎಂಬ ದೂರದವರ ಕಕ್ಕುಲಾತಿ. ಎರಡೂ ಹರಿಗೋಲಿನೊಳಗೆ ಕೂತು ಯೋಚಿಸಿದ ಉತ್ತರಗಳಲ್ಲ.

ನನ್ನ ವಾದ ಇಷ್ಟು: ಈ ಕೆರೆ-ಜಲಾಶಯಗಳ ಮೀನುಗಾರನಿಗೆ ಸಣ್ಣ ವಿದ್ಯುತ್ ಮೋಟಾರು ಬೇಕು, ಅದು ಕೈಗೆಟುಕುವ ವಸ್ತುವೂ ಹೌದು. ಆದರೆ ಅದು ಅವನ ತೋಳಿನ ದಣಿವನ್ನು ಇಳಿಸಲು ಬರಬೇಕೇ ಹೊರತು ಬಲೆಯ ಉದ್ದ ಹೆಚ್ಚಿಸಲು ಅಲ್ಲ. ಈ ಗೆರೆಯನ್ನು ಮೋಟಾರು ಬರುವ ಮೊದಲೇ ಎಳೆಯದಿದ್ದರೆ ಬಾರದಿರುವುದೇ ಮೇಲು.

ಮೊದಲು ತೋಳಿನ ಮಾತು. ಜಲಾಶಯದ ಮೀನುಗಾರಿಕೆ ಬಹುಪಾಲು ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತುವ ಕೆಲಸ. ಸಂಜೆ ಒಮ್ಮೆ ಹೋಗಿ ಬರಬೇಕು, ಬೆಳಿಗ್ಗೆ ಮತ್ತೊಮ್ಮೆ. ಕೆಆರ್‌ಪಿ ಜಲಾಶಯ ತುಂಬಿದಾಗ ಸುಮಾರು 12 ಚದರ ಕಿಲೋಮೀಟರು ಹರಡಿಕೊಳ್ಳುತ್ತದೆ. ಬಲೆ ಬಿಡುವ ಜಾಗ ದಡದಿಂದ ಎರಡು ಕಿಲೋಮೀಟರು ದೂರವಿದ್ದರೆ ದಿನಕ್ಕೆ ಎಂಟು ಕಿಲೋಮೀಟರು ಹುಟ್ಟು ಹಾಕಬೇಕಾಯಿತು. ಗಾಳಿ ಎದುರಾದರೆ ಅದೇ ಎಂಟು ಹನ್ನೆರಡರಷ್ಟು ಭಾರ. ಹೆಚ್ಚಿನ ಹರಿಗೋಲುಗಳಲ್ಲಿ ಇಬ್ಬರು: ಒಬ್ಬರು ಹುಟ್ಟು ಹಾಕುತ್ತಾರೆ, ಇನ್ನೊಬ್ಬರು ಬಲೆ ಬಿಡುತ್ತಾರೆ. ಎಷ್ಟೋ ಕಡೆ ಈ ಇಬ್ಬರು ಗಂಡ-ಹೆಂಡತಿ. ಬಲೆ ಬಿಡುವುದು ಗಂಡ, ಹರಿಗೋಲನ್ನು ಗಾಳಿಗೆ ಜಾರದಂತೆ ಹಿಡಿದು ನಿಲ್ಲಿಸುವುದು ಹೆಂಡತಿ. ಮೀನುಗಾರಿಕೆಯ ಲೆಕ್ಕದಲ್ಲಿ ಅವಳ ಹೆಸರು ಬರುವುದು ಅಪರೂಪ. ರಟ್ಟೆ ನೋವು ಮಾತ್ರ ಅವಳದೇ.

ಹರಿಗೋಲು ನಡೆಸುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಉದ್ದದ ದೋಣಿಯಲ್ಲಿ ಹಿಂದೆ ಕೂತು ನೀರನ್ನು ಹಿಂದಕ್ಕೆ ತಳ್ಳುತ್ತಾರೆ. ಹರಿಗೋಲಿನಲ್ಲಿ ಮುಂದಿನ ಅಂಚಿಗೆ ಕೂತು, ಮುದ್ದೆ ತಿರುವುವ ಕೋಲಿನಂತೆ ಹುಟ್ಟನ್ನು ಆ ಬದಿಯಿಂದ ಈ ಬದಿಗೆ ತಿರುವುತ್ತ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ದುಂಡನೆಯ ತಳಕ್ಕೆ ಮುಂದು-ಹಿಂದು ಎಂಬುದಿಲ್ಲ. ಒಂದೇ ಬದಿಗೆ ಹುಟ್ಟು ಹಾಕಿದರೆ ಅದು ಮುಂದೆ ಹೋಗುವ ಬದಲು ತನ್ನ ಸುತ್ತಲೇ ತಿರುಗುತ್ತದೆ. ಆದ್ದರಿಂದ ಹುಟ್ಟು ಹಿಡಿದವರ ಅರ್ಧ ಶಕ್ತಿ ಮುಂದೆ ಸಾಗಲು, ಇನ್ನರ್ಧ ತಿರುಗದಂತೆ ತಡೆಯಲು ಖರ್ಚಾಗುತ್ತದೆ. ಹೊಗೇನಕಲ್ಲಿನಲ್ಲಿ ಪ್ರವಾಸಿಗರನ್ನು ನಗಿಸಲು ಹರಿಗೋಲನ್ನು ಗಿರಗಿರನೆ ತಿರುಗಿಸುತ್ತಾರಲ್ಲ, ಆ ಗುಣವೇ ಮೀನುಗಾರನ ದಿನನಿತ್ಯದ ತೊಡಕು.

ಹಾಗಾದರೆ ಈ ಆಕಾರವನ್ನೇ ಏಕೆ ಹಿಡಿದುಕೊಂಡರು? ಕಾರಣಗಳು ಗಟ್ಟಿಯಾಗಿವೆ. ಹರಿಗೋಲು ಕೆಲವೇ ಅಂಗುಲ ನೀರಿನಲ್ಲಿ ತೇಲುತ್ತದೆ. ಬಂಡೆಗೆ ತಾಗಿದರೆ ಜಾರುತ್ತದೆ. ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಲ್ಲ. ಬಲೆ ಎಳೆಯುವಾಗ ಯಾವ ಬದಿಗೆ ಬಾಗಿದರೂ ಸುಲಭಕ್ಕೆ ಮಗುಚುವುದಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಮಂದಿಯ ಜೊತೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವು ಎಂದು ಬರೆದಿಟ್ಟ. ಐದು ಶತಮಾನ ಕಳೆದು ತೊಗಲು ಹೋಗಿ ಟಾರು ಬಳಿದ ಪ್ಲಾಸ್ಟಿಕ್ ಹಾಳೆ ಬಂತು, ಅದರ ಜಾಗಕ್ಕೆ ಫೈಬರ್ ಬಂತು. ಆಕಾರ ಬದಲಾಗಲಿಲ್ಲ. ಮೋಟಾರು ಹಾಕಬೇಕೆನ್ನುವವರು ಈ ಆಕಾರದ ಜಾಣ್ಮೆಗೆ ಮೊದಲು ಮರ್ಯಾದೆ ಕೊಡಬೇಕು.

ವಿದ್ಯುತ್ ದೋಣಿ ಹೊಸದೇನಲ್ಲ. ಮೊರಿಟ್ಸ್ ಯಾಕೋಬಿ ಎಂಬ ವಿಜ್ಞಾನಿ ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯಲ್ಲಿ ಬ್ಯಾಟರಿ ಮೋಟಾರಿನ ದೋಣಿ ನಡೆಸಿ ತೋರಿಸಿದ್ದು 1838ರಲ್ಲಿ. 1881ರಲ್ಲಿ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ, ದೋಣಿಗೆ ಬೇಕೆಂದಾಗ ಸಿಕ್ಕಿಸಿ ಬೇಡವೆಂದಾಗ ತೆಗೆಯಬಹುದಾದ ವಿದ್ಯುತ್ ಮೋಟಾರನ್ನು ಓಡಿಸಿದ. ಓಲೆ ಎವಿನ್‌ರೂಡ್ ಪೆಟ್ರೋಲ್ ಔಟ್‌ಬೋರ್ಡನ್ನು ಮಾರುಕಟ್ಟೆಗೆ ತಂದದ್ದು ಅದಾದ ಮೇಲೆ, 1909ರಲ್ಲಿ. 1934ರಲ್ಲಿ ಅಮೆರಿಕದ ನಾರ್ತ್ ಡಕೋಟದಲ್ಲಿ ಮಿನ್ ಕೋಟಾ ಕಂಪನಿ ಗಾಳ ಹಾಕುವವರಿಗೆಂದೇ ಸಣ್ಣ ವಿದ್ಯುತ್ ಮೋಟಾರು ಮಾಡತೊಡಗಿತು. ಅಲ್ಲಿನ ಕೆರೆಗಳಲ್ಲಿ ಹವ್ಯಾಸಿಗಳು ಹದಿನಾರು ಅಡಿಯ ಕನೂ ದೋಣಿಗೆ ಅಡ್ಡಹಲಗೆ ಬಿಗಿದು, ಅದರ ತುದಿಗೆ ಈ ಮೋಟಾರನ್ನು ಕಚ್ಚಿಸಿ, ಬ್ಯಾಟರಿಯನ್ನು ತೂಕ ಸರಿದೂಗಲು ಮುಂದಕ್ಕಿಟ್ಟು ದಿನವಿಡೀ ಸದ್ದಿಲ್ಲದೆ ತಿರುಗುತ್ತಾರೆ. ಅವರದು ರಜೆಯ ಆಟ, ನಮ್ಮವರದು ಹೊಟ್ಟೆಪಾಡು. ಆದರೆ ನೀರಿಗೂ ಮೋಟಾರಿಗೂ ಆ ವ್ಯತ್ಯಾಸ ತಿಳಿಯದು. ಲೆಕ್ಕ ಎರಡಕ್ಕೂ ಒಂದೇ.

ಆ ಲೆಕ್ಕವನ್ನು ಬಿಡಿಸಿ ನೋಡೋಣ. ಆರೋಗ್ಯವಂತ ಮನುಷ್ಯ ಗಂಟೆಗಟ್ಟಲೆ ಎಡೆಬಿಡದೆ ಕೊಡಬಲ್ಲ ಶಕ್ತಿ 75ರಿಂದ 100 ವ್ಯಾಟ್. ಮಾರುಕಟ್ಟೆಯಲ್ಲಿ ಸಿಗುವ ಸಣ್ಣ ಮೋಟಾರು 30 ಪೌಂಡ್ ತಳ್ಳುಬಲದ್ದು, ಅಂದರೆ ಸುಮಾರು 13.6 ಕಿಲೋ. ಅದು ಪೂರ್ತಿ ವೇಗದಲ್ಲಿ 12 ವೋಲ್ಟಿನ ಬ್ಯಾಟರಿಯಿಂದ 30 ಆಂಪಿಯರಿನಷ್ಟು, ಎಂದರೆ 360 ವ್ಯಾಟ್ ಎಳೆಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾದರೂ ಉಳಿದದ್ದು ಒಬ್ಬನ ರಟ್ಟೆಗಿಂತ ಮಿಗಿಲು. ಇನ್ನು ನೀರಿನ ನಿಯಮ: ವೇಗ ಎರಡರಷ್ಟಾಗಬೇಕಾದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟರಷ್ಟು. ದುಂಡು ಹರಿಗೋಲು ಗಂಟೆಗೆ ನಾಲ್ಕೈದು ಕಿಲೋಮೀಟರು ದಾಟಿದರೆ ಮುಂದಿನ ನೀರನ್ನು ಗುಡ್ಡೆಹಾಕುತ್ತ ಹೋಗುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ಅಲ್ಲಿಂದಾಚೆ ದೊಡ್ಡ ಮೋಟಾರು ಹಾಕುವುದು ಬ್ಯಾಟರಿಯನ್ನು ನೀರಿಗೆ ಸುರಿದಂತೆ.

ನಾಲ್ಕು ಕಿಲೋಮೀಟರು ವೇಗಕ್ಕೆ, ಇಬ್ಬರು ಮತ್ತು ಬಲೆ ಹೊತ್ತ ಹರಿಗೋಲಿಗೆ 150ರಿಂದ 250 ವ್ಯಾಟ್ ಬೇಕು ಎಂದು ಅಂದಾಜು ಹಾಕಬಹುದು. ಎಂಟು ಕಿಲೋಮೀಟರಿಗೆ ಎರಡು ಗಂಟೆ. ದಿನದ ಖರ್ಚು ಹೆಚ್ಚೆಂದರೆ ಅರ್ಧ ಯೂನಿಟ್. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದು ಚಾರ್ಜಿನ ನಷ್ಟ ಸೇರಿಸಿದರೂ ಐದು ರೂಪಾಯಿಯ ಆಸುಪಾಸು, ಒಂದು ಲೋಟ ಟೀಗಿಂತ ಕಡಿಮೆ. ಇದೇ ಕೆಲಸಕ್ಕೆ ಎರಡು ಅಶ್ವಶಕ್ತಿಯ ಪೆಟ್ರೋಲ್ ಎಂಜಿನು ಜೋರಾಗಿ ಓಡಿದರೆ ಗಂಟೆಗೆ ಸುಮಾರು ಒಂದು ಲೀಟರು ಕುಡಿಯುತ್ತದೆ. ಅದರ ಎಣ್ಣೆ ನೀರಿಗೆ ತೊಟ್ಟಿಕ್ಕುವುದು, ಸದ್ದು ಊರಿಗೆಲ್ಲ ಕೇಳುವುದು ಬೇರೆ. ಸಣ್ಣ ನೀರಿನಲ್ಲಿ ಪೆಟ್ರೋಲಿಗೂ ವಿದ್ಯುತ್ತಿಗೂ ಪೈಪೋಟಿಯೇ ಇಲ್ಲ.

ಬ್ಯಾಟರಿಯ ಆಯ್ಕೆಯಲ್ಲಿ ತೂಕವೇ ತೀರ್ಪು ಕೊಡುತ್ತದೆ. ಜಲಾಶಯದ ದಡ ಒಂದೇ ಕಡೆ ನಿಲ್ಲುವುದಿಲ್ಲ. ಕಾಲುವೆಗೆ ನೀರು ಬಿಟ್ಟಂತೆ ದಡ ಹಿಂದೆ ಸರಿಯುತ್ತದೆ, ಕೆಸರಿನ ಹರವು ಹೆಚ್ಚುತ್ತದೆ. 2017ರ ನವೆಂಬರಿನಲ್ಲಿ ಕೆಆರ್‌ಪಿ ಡ್ಯಾಮಿನ ಒಂದು ಗೇಟು ಮುರಿದು, 52 ಅಡಿ ತುಂಬಿ ನಿಲ್ಲಬಲ್ಲ ಜಲಾಶಯದ ನೀರು ಕಣ್ಣೆದುರೇ ಹರಿದು ಹೋಯಿತು. ಹಾಗಾಗಿ ಚಾರ್ಜಿಂಗ್ ಪಾಯಿಂಟನ್ನು ದಡದಲ್ಲಿ ನೆಟ್ಟು ಕೂರಲಾಗದು. ಬ್ಯಾಟರಿಯನ್ನೇ ಹೊತ್ತು ಮನೆಗೋ ಶೆಡ್ಡಿಗೋ ಒಯ್ಯಬೇಕು. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ 25ರಿಂದ 30 ಕಿಲೋ ತೂಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬಲುಬೇಗ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 50 ಆಂಪಿಯರ್-ಅವರ್‌ನದು ಆರೇಳು ಕಿಲೋ; ಅದು ಕೊಡುವುದು ಸುಮಾರು 0.64 ಯೂನಿಟ್. ನಮ್ಮ ದಿನದ ಲೆಕ್ಕಕ್ಕೆ ಅದು ಸಾಕು. ಮೊಳಕಾಲುದ್ದ ಕೆಸರಿನಲ್ಲಿ ನಸುಕಿಗೆ ನಡೆಯುವವರಿಗೆ ಮೂವತ್ತು ಕಿಲೋಗೂ ಏಳು ಕಿಲೋಗೂ ಇರುವ ಅಂತರ ಕೊಳ್ಳುವಾಗಿನ ಬೆಲೆಯ ಅಂತರಕ್ಕಿಂತ ದೊಡ್ಡದು. ಹುಟ್ಟಿನ ಭಾರ ಇಳಿಸಿ ಬ್ಯಾಟರಿಯ ಭಾರ ಹೊರಿಸಿದರೆ ಬಂದ ಭಾಗ್ಯವೇನು?

ಜೋಡಣೆಯ ವಿಷಯದಲ್ಲಿ ಅಮೆರಿಕದ ಕನೂವಿನ ಪಾಠವನ್ನು ಹಾಗೇ ನಕಲು ಮಾಡಿದರೆ ಕೆಡುತ್ತದೆ. ಫೈಬರ್ ಹರಿಗೋಲಿನ ಅಂಚು ತೆಳು. ಮೋಟಾರಿನ ಕ್ಲಾಂಪನ್ನು ನೇರ ಅದಕ್ಕೇ ಬಿಗಿದರೆ ಬಿರುಕು ಬಿಡುತ್ತದೆ. ಅಂಚಿನಿಂದ ಅಂಚಿಗೆ ಒಂದು ಅಡ್ಡಹಲಗೆ ಹಾಕಿ, ಅಂಚಿನ ಒಳಗೂ ಹೊರಗೂ ಮರದ ಪಟ್ಟಿ ಕೊಟ್ಟು ಬೋಲ್ಟು ಹಾಕಬೇಕು. ಮೋಟಾರು ಮುಂದಿದ್ದರೆ ನಡೆಸುವವರ ಕಣ್ಣು-ಕೈ ಎರಡೂ ಒಂದೇ ಕಡೆ ಇರುತ್ತವೆ, ಹರಿಗೋಲಿನವರಿಗೆ ರೂಢಿಯಾದ ಜಾಗವೂ ಅದೇ. ತಿರುಗುವ ಚಟ ತಗ್ಗಿಸಲು ಹಿಂದಿನ ಅಂಚಿನಿಂದ ನೀರಿಗೆ ಇಳಿಬಿಡುವ ಒಂದು ಹಲಗೆ ಬೇಕು, ದಡ ಬಂದಾಗ ಎತ್ತುವಂತಿರಬೇಕು. ಬ್ಯಾಟರಿ ಮೋಟಾರಿನ ಎದುರು ಬದಿಗೆ, ಮುಚ್ಚಳದ ಡಬ್ಬಿಯಲ್ಲಿ ಕೂರಬೇಕು. ಬ್ಯಾಟರಿಯ ಬಾಯಲ್ಲೇ ಒಂದು ಫ್ಯೂಸು ಕಡ್ಡಾಯ. ಮೂವತ್ತು ಆಂಪಿಯರ್ ಹರಿಯುವ ಕಡೆ ಮನೆ ವೈರಿಂಗಿನ ಸಣ್ಣ ತಂತಿ ಹಾಕಿ ಫ್ಯೂಸು ಮರೆತರೆ ನೀರಿನ ನಡುವೆಯೇ ಬೆಂಕಿ ಕಾಣಬೇಕಾದೀತು.

ಇವೆಲ್ಲಕ್ಕಿಂತ ಸಣ್ಣದೊಂದು ಸಂಗತಿ ಮೋಟಾರಿನ ಆಯುಷ್ಯವನ್ನು ತೀರ್ಮಾನಿಸುತ್ತದೆ: ನೈಲಾನ್ ದಾರ. ಬಲೆಯ ಒಂದೆಳೆ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡರೆ ಹೊರಗಿನಿಂದ ಕಾಣಿಸದು. ಅದು ನಿಧಾನವಾಗಿ ದಂಡದ ಸೀಲನ್ನು ಕೊಯ್ಯುತ್ತದೆ, ಸೀಲು ಹೋದರೆ ಮೋಟಾರಿನೊಳಗೆ ನೀರು. ಹವ್ಯಾಸಿಗೆ ಇದು ಅಪರೂಪದ ಕಾಟ. ಬಲೆ ಹಾಕುವವನಿಗೆ ಪ್ರತಿದಿನದ ಅಪಾಯ. ಬಲೆಯ ಹತ್ತಿರ ಬಂದಾಗ ಮೋಟಾರನ್ನು ನೀರಿನಿಂದ ಎತ್ತಿ ಹುಟ್ಟು ಹಿಡಿಯಬೇಕು. ವಾರಕ್ಕೊಮ್ಮೆ ಪ್ರೊಪೆಲ್ಲರು ಬಿಚ್ಚಿ ನೋಡಬೇಕು. ಅದಕ್ಕೊಂದು ಪಂಜರ ತೊಡಿಸಬೇಕು. ಅಂತರಗಂಗೆ ಕಳೆ ಹಬ್ಬಿದ ಕೆರೆಯಲ್ಲಂತೂ ಹುಟ್ಟೇ ಗತಿ. ಮೋಟಾರು ಹುಟ್ಟನ್ನು ಅಟ್ಟದ ಮೇಲೆ ಇಡಿಸುವುದಿಲ್ಲ. ದೂರದ ದಾರಿಯನ್ನಷ್ಟೇ ತಾನು ನೋಡಿಕೊಳ್ಳುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಹಣ. ಮೋಟಾರು, ಬ್ಯಾಟರಿ, ಚಾರ್ಜರು ಕೂಡಿದರೆ ಹರಿಗೋಲಿನ ಬೆಲೆಯನ್ನೇ ಮೀರಿಸುತ್ತದೆ. ಸಾಲ ಮಾಡಿ ಕೊಳ್ಳುವವನು ಆ ಸಾಲ ತೀರಿಸಲು ಹೆಚ್ಚು ಬಲೆ ಬಿಡಲೇಬೇಕಾಗುತ್ತದೆ. ಸಾಲ ಕೊಟ್ಟವನೇ ಮೀನು ಕೊಳ್ಳುವವನೂ ಆಗಿದ್ದರೆ ಮುಗಿದೇ ಹೋಯಿತು, ತಕ್ಕಡಿ ಅವನ ಕೈಯಲ್ಲಿರುತ್ತದೆ. ಈ ಆಕ್ಷೇಪ ಸತ್ಯವಾದದ್ದು. ಆದ್ದರಿಂದಲೇ ಬ್ಯಾಟರಿ ಒಬ್ಬೊಬ್ಬನ ಸ್ವತ್ತಾಗಬಾರದು. ಮೀನುಗಾರರ ಸಹಕಾರ ಸಂಘ ಬ್ಯಾಟರಿಗಳನ್ನು ಇಟ್ಟುಕೊಂಡು, ಸಂಜೆ ತುಂಬಿದ್ದನ್ನು ಕೊಟ್ಟು ಬೆಳಿಗ್ಗೆ ಖಾಲಿಯದನ್ನು ಹಿಂದೆ ಪಡೆದು, ದಿನಬಾಡಿಗೆ ಹಿಡಿಯಬಹುದು. ಸಂಘದ ಶೆಡ್ಡಿನ ಮೇಲೆ 200 ವ್ಯಾಟಿನ ಒಂದು ಸೌರಫಲಕ ಈ ಸೀಮೆಯ ಬಿಸಿಲಿನಲ್ಲಿ ಒಂದು ಹರಿಗೋಲಿನ ದಿನದ ಪಾಲನ್ನು ತುಂಬಿಸಬಲ್ಲದು. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರ ದೋಣಿ-ಬಲೆಗೆ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ. 60 ನೆರವಿದೆ. ಆ ಹಣ ಒಂಟಿ ಫಲಾನುಭವಿಯ ಫೋಟೋಕ್ಕೆ ಹೋಗುವ ಬದಲು ಸಂಘದ ಚಾರ್ಜಿಂಗ್ ಶೆಡ್ಡಿಗೆ ಹೋದರೆ ಬಾಳುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು: ಮೋಟಾರು ಬಂದರೆ ಮೀನು ಉಳಿಯುವುದೇ? ಇದಕ್ಕೆ ಉತ್ತರ ಹುಡುಕಲು ಕನ್ನಡಿಗರು ದೂರ ಹೋಗಬೇಕಿಲ್ಲ. ನಮ್ಮ ಕರಾವಳಿಯಲ್ಲಿ ರಂಪಣಿ ಬಲೆಯಿತ್ತು. ಹತ್ತಾರು ಮಂದಿ ಕೂಡಿ ದಡದಿಂದ ಬೀಸಿ, ದಡಕ್ಕೇ ಎಳೆದು, ಬಂಗುಡೆ-ಬೂತಾಯಿಯನ್ನು ಪಾಲು ಹಂಚಿಕೊಳ್ಳುತ್ತಿದ್ದ ಪದ್ಧತಿ ಅದು. 1970ರ ದಶಕದ ನಡುವಿನಿಂದ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂತು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಅದನ್ನು ಸುತ್ತುವರಿಯುವ ಬಲೆ. ಕೆಲವೇ ವರ್ಷಗಳಲ್ಲಿ ರಂಪಣಿ ನೆಲ ಕಚ್ಚಿತು, ಪ್ರತಿಭಟನೆಗಳಾದವು, ಪಾಲುದಾರರು ಕೂಲಿಗಳಾದರು. ಯಂತ್ರ ಕೆಟ್ಟದ್ದೆಂದು ಹಾಗಾಗಲಿಲ್ಲ. ಯಾರು ಎಷ್ಟು, ಎಲ್ಲಿ ಹಿಡಿಯಬೇಕೆಂಬ ಮಾತು ಯಂತ್ರ ಬಂದಮೇಲೆ ಶುರುವಾಯಿತು; ಅಷ್ಟರಲ್ಲಿ ಹಣ ಹಾಕಿದವರ ಕೈ ಮೇಲಾಗಿತ್ತು.

ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ 1954ರ ತನ್ನ ಪ್ರಸಿದ್ಧ ಲೇಖನದಲ್ಲಿ ಇದನ್ನೇ ತರ್ಕಬದ್ಧವಾಗಿ ಹೇಳಿದ: ಎಲ್ಲರಿಗೂ ತೆರೆದಿಟ್ಟ ಮೀನಿನ ತಾಣದಲ್ಲಿ ಲಾಭ ಕರಗುವವರೆಗೂ ದುಡಿಮೆ ಬಂದು ಸೇರುತ್ತಲೇ ಇರುತ್ತದೆ. ಜಲಾಶಯದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡುವುದು ಹೊರಗಿನಿಂದ. ಜಿಲೇಬಿ ಮೀನು ತಾನಾಗಿ ಬೆಳೆಯುತ್ತದೆ. ಎರಡಕ್ಕೂ ಒಂದು ಮಿತಿಯಿದೆ. ಎಲ್ಲ ಹರಿಗೋಲಿಗೂ ಮೋಟಾರು ಬಂದು ಎಲ್ಲರೂ ಬಲೆಯನ್ನು ಎರಡರಷ್ಟು ಮಾಡಿದರೆ ಒಟ್ಟು ಮೀನು ಎರಡರಷ್ಟಾಗುವುದಿಲ್ಲ. ಮೊದಲೆರಡು ವರ್ಷ ಹಿಗ್ಗು, ಆಮೇಲೆ ಸಣ್ಣ ಮೀನು, ಆಮೇಲೆ ಖಾಲಿ ಬಲೆ. ಆಗ ಮೋಟಾರಿಲ್ಲದವನು ಎಲ್ಲರಿಗಿಂತ ಮೊದಲು ಮುಳುಗುತ್ತಾನೆ.

ಹಾಗಾಗಿ ನಿಯಮ ಮೋಟಾರಿಗಿಂತ ಮುಂಚೆ ಬರಬೇಕು, ಅದೂ ಎಣಿಸಲು ಬರುವಂಥ ನಿಯಮ. ಒಂದು ಹರಿಗೋಲಿಗೆ ಒಂದೇ ಮೋಟಾರು, ಅದರ ತಳ್ಳುಬಲ ಹೆಚ್ಚೆಂದರೆ 30 ಪೌಂಡ್. ಬಲೆಯ ಒಟ್ಟು ಉದ್ದ ಈಗ ಎಷ್ಟಿದೆಯೋ ಅಷ್ಟೇ. ಕಣ್ಣಿನ ಅಳತೆ ಸಂಘ ನಿಗದಿಪಡಿಸಿದ್ದು. ಮರಿ ಬಿಟ್ಟ ಕೊಲ್ಲಿಗಳಿಗೆ ಕೆಲವು ತಿಂಗಳು ಪ್ರವೇಶವಿಲ್ಲ. ಕಾಯುವವರು ಯಾರು? ಇಲಾಖೆಯ ಜೀಪು ಎಲ್ಲ ಕೊಲ್ಲಿಗೂ ಬಾರದು. ಬ್ಯಾಟರಿ ಸಂಘದ್ದಾಗಿದ್ದರೆ ಬೇಲಿಯೂ ಸಂಘದ ಕೈಯಲ್ಲೇ ಇರುತ್ತದೆ: ನಿಯಮ ಮುರಿದವನಿಗೆ ಮರುದಿನ ಬ್ಯಾಟರಿ ಸಿಗುವುದಿಲ್ಲ. ಪೆಟ್ರೋಲಾದರೆ ಯಾವ ಬಂಕಿನಲ್ಲಾದರೂ ತುಂಬಿಸಿಕೊಂಡಾನು. ಇಷ್ಟು ಸುಲಭವಾಗಿ ಲಗಾಮು ಹಾಕಲು ಬರುವುದು ವಿದ್ಯುತ್ ಮೋಟಾರಿನ ಗುಣಗಳಲ್ಲೇ ದೊಡ್ಡದು, ಅದನ್ನೇ ಯಾರೂ ಎತ್ತಿ ಹೇಳುವುದಿಲ್ಲ.

ಮೂರನೆಯ ಆಕ್ಷೇಪ ನೀರಿನದು, ಇಲ್ಲಿ ಬೆಂಗಳೂರಿನ ಓದುಗರು ಕಿವಿಗೊಡಬೇಕು. ತಮಿಳರು ತೆನ್‌ಪೆಣ್ಣೈ ಎನ್ನುವ ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಹೊಸಕೋಟೆಯ ಕಡೆಯಿಂದ ಹರಿದು ಬಂದು, ದಾರಿಯಲ್ಲಿ ಬೆಳ್ಳಂದೂರು-ವರ್ತೂರು ಕೆರೆಗಳು ಉಗುಳಿದ್ದನ್ನೂ ಕೂಡಿಸಿಕೊಂಡು ಕೆಲವರಪಳ್ಳಿಗೆ ಬರುತ್ತದೆ. ಬೆಳ್ಳಂದೂರಿನ ನೊರೆ, ಬೆಂಕಿ ನಮಗೆ ಸುದ್ದಿಯಾಗಿತ್ತು. ಅದೇ ನೊರೆ ಕೆಲವರಪಳ್ಳಿಯ ಗೇಟಿನಿಂದ ಹೊರಬಿದ್ದು ಬಿಳಿ ಗುಡ್ಡವಾಗಿ ನಿಂತ ಚಿತ್ರಗಳನ್ನು ಹೊಸೂರಿನವರು ಪ್ರತಿ ಮಳೆಗಾಲ ನೋಡುತ್ತಾರೆ. ನಮ್ಮ ಬಚ್ಚಲಿನ ಸೋಪು, ಶೌಚಾಲಯದ ಕೊಳೆ ಆ ಮೀನುಗಾರನ ಕಾಲಿಗೆ ಹತ್ತುತ್ತದೆ. ಕೊಳೆಯಿಂದ ನೀರಿನ ಆಮ್ಲಜನಕ ಕುಸಿದರೆ ಮೀನು ಸಾಯುತ್ತದೆ. ಅಂಥ ನೀರಿನಲ್ಲಿ ಮೋಟಾರು ಸತ್ತ ಮೀನಿನ ಬಳಿಗೆ ಬೇಗ ಕರೆದೊಯ್ಯುತ್ತದೆ, ಅಷ್ಟೇ.

ಇದನ್ನು ಹಿಡಿದು ಮೋಟಾರಿನ ಮಾತೇ ಬೇಡ, ಮೊದಲು ನದಿ ಶುದ್ಧವಾಗಲಿ ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ನದಿ ಶುದ್ಧವಾಗಲೇಬೇಕು, ಆ ಹೊಣೆ ಬೆಂಗಳೂರಿನದು, ಕರ್ನಾಟಕ ಸರ್ಕಾರದ್ದು. ಆದರೆ ಎರಡು ರಾಜ್ಯಗಳ ನಡುವಿನ ಕಾಗದ ಓಡಾಟ ಮುಗಿಯುವ ತನಕ ಹೆಂಗಸೊಬ್ಬಳ ರಟ್ಟೆ ನೋಯುತ್ತಲೇ ಇರಲಿ ಎನ್ನುವುದು ಯಾವ ನ್ಯಾಯ? ಒಂದು ಅನ್ಯಾಯ ಬಗೆಹರಿಯಲಿಲ್ಲವೆಂದು ಇನ್ನೊಂದನ್ನು ಮುಟ್ಟದೆ ಬಿಡುವುದು ಕೆಲಸ ಮುಂದೂಡುವವರ ಹಳೆಯ ಉಪಾಯ. ಎರಡನ್ನೂ ಬೇರೆಬೇರೆ ಕೇಳಬೇಕು, ಎರಡನ್ನೂ ಈಗಲೇ ಕೇಳಬೇಕು. ಮೋಟಾರಿನ ಉದ್ಘಾಟನೆಯ ಫೋಟೋ ನೊರೆಯ ಫೋಟೋವನ್ನು ಮುಚ್ಚದಂತೆ ನೋಡಿಕೊಳ್ಳುವುದು ಮಾತ್ರ ಪತ್ರಿಕೆಗಳ ಕೆಲಸ.

ಹಾಗೆಯೇ ಹೆಂಗಸರ ಪಾಲಿನ ಪ್ರಶ್ನೆ. ಹುಟ್ಟು ಹಾಕುವ ಕೆಲಸ ಮೋಟಾರಿಗೆ ಹೋದರೆ ಆಕೆ ಮನೆಯಲ್ಲಿ ಉಳಿಯಬಹುದು. ಅದು ಬಿಡುಗಡೆಯೋ, ದುಡಿಮೆಯ ಪಾಲಿನಿಂದ ಹೊರದೂಡಿದ್ದೋ? ಊರಿನ ಯಂತ್ರಗಳೆಲ್ಲ ಗಂಡಸಿನ ಕೈ ಸೇರುವುದು ನಮ್ಮಲ್ಲಿ ರೂಢಿ. ನಾಟಿ ಮಾಡುವ ಯಂತ್ರ ಬಂದಾಗ ಗದ್ದೆಯ ಹೆಂಗಸರಿಗೆ ಆದದ್ದು ಇದೇ. ಆದ್ದರಿಂದ ಮೋಟಾರು ನಡೆಸುವ ತರಬೇತಿ ಮೊದಲು ಹುಟ್ಟು ಹಾಕುವವರಿಗೆ ಸಿಗಬೇಕು, ಸಂಘದ ಸದಸ್ಯತ್ವದ ಪುಸ್ತಕದಲ್ಲಿ ಅವರ ಹೆಸರೂ ಇರಬೇಕು. ಮೋಟಾರಿನ ಹಿಡಿ ಹುಟ್ಟಿಗಿಂತ ಹಗುರ, ವಯಸ್ಸಾದವರೂ ಹಿಡಿಯಬಲ್ಲರು.

ಇನ್ನು ಇದನ್ನು ಮಾಡುವವರು ಯಾರು? ಇಲ್ಲಿಯೇ ಕೃಷ್ಣಗಿರಿ ಜಿಲ್ಲೆಯ ಅದೃಷ್ಟ ಕೆಲಸಕ್ಕೆ ಬರಬೇಕು. ಸ್ಕೂಟರಿನ ಬ್ಯಾಟರಿ ಎರಡರಿಂದ ನಾಲ್ಕು ಯೂನಿಟ್ ಹಿಡಿಯುವಂಥದ್ದು. ಅದರ ಧಾರಣಶಕ್ತಿ ಶೇ. 70ಕ್ಕೆ ಇಳಿದರೆ ಸವಾರನಿಗೆ ಸಾಲದು. ಹರಿಗೋಲಿಗೆ ಅದು ಬೇಕಾದ್ದಕ್ಕಿಂತ ಹೆಚ್ಚು. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೇ ಹೊರಿಸಿವೆ, ದುರಸ್ತಿ ಮಾಡಿ ಮತ್ತೆ ಬಳಸಲು ದಾರಿಯನ್ನೂ ಬಿಟ್ಟಿವೆ. ಹಾಗೆಂದು ಗುಜರಿಯಿಂದ ತಂದ ಬ್ಯಾಟರಿಯನ್ನು ಬಿಚ್ಚಿ ಹರಿಗೋಲಿಗೆ ಕಟ್ಟುವುದು ಹುಚ್ಚುತನ. ಸ್ಕೂಟರಿನದು 50 ವೋಲ್ಟಿನ ಆಸುಪಾಸು, ಮೋಟಾರಿನದು 12. ನಡುವೆ ವೋಲ್ಟೇಜು ಇಳಿಸುವ ಸಾಧನ ಬೇಕು. ಒಳಗಿನ ಕಾವಲು ಸರ್ಕ್ಯೂಟು ತಯಾರಕರ ಹಿಡಿತದಲ್ಲಿರುತ್ತದೆ. ಆದ್ದರಿಂದ ಈ ಕೆಲಸ ಕಾರ್ಖಾನೆಯಲ್ಲೇ ಆಗಬೇಕು: ಪರೀಕ್ಷಿಸಿ, ಸಣ್ಣ ತುಂಡುಗಳಾಗಿ ಜೋಡಿಸಿ, ನೀರು ನುಗ್ಗದ ಡಬ್ಬಿಯಲ್ಲಿ ಮುಚ್ಚಿ, ಹಿಡಿಕೆ ಹಾಕಿ ಸಂಘಕ್ಕೆ ಕೊಡಬೇಕು. ಸಾಮಾಜಿಕ ಹೊಣೆಗಾರಿಕೆಯ ಹೆಸರಲ್ಲಿ ಶಾಲೆಗೆ ಬಣ್ಣ ಬಳಿಯುವ ಕಂಪನಿಗಳಿಗೆ ತಮ್ಮದೇ ವಿದ್ಯೆಯಿಂದ ಮಾಡಬಹುದಾದ ಇಂಥ ಕೆಲಸ ಬಾಗಿಲಲ್ಲೇ ಇದೆ.

ಪರೀಕ್ಷೆಗೆ ಬೇಕಾದ ಸಂಸ್ಥೆಗಳೂ ಜಿಲ್ಲೆಯಲ್ಲೇ ಇವೆ. ಬರಗೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಬಾರೂರಿನಲ್ಲಿ ತಮಿಳುನಾಡು ಮೀನುಗಾರಿಕೆ ವಿಶ್ವವಿದ್ಯಾಲಯದ ಕೇಂದ್ರವಿದೆ. ಒಬ್ಬರಿಗೆ ಮೋಟಾರು ಗೊತ್ತು, ಇನ್ನೊಬ್ಬರಿಗೆ ಮೀನು. ಕೆಲವೇ ಹರಿಗೋಲುಗಳಿಗೆ ಹಾಕಿ ಒಂದು ಪೂರ್ತಿ ವರ್ಷ, ತುಂಬಿದ ನೀರಲ್ಲೂ ಬತ್ತಿದ ನೀರಲ್ಲೂ ನಡೆಸಿ, ಖರ್ಚು, ಹಿಡಿದ ಮೀನಿನ ತೂಕ, ಕೆಟ್ಟುಹೋದ ಭಾಗ, ಮೈನೋವು ಎಲ್ಲವನ್ನೂ ಬರೆದಿಟ್ಟು, ಆಮೇಲೆ ಹರಡಬೇಕು. ಕೇರಳದಲ್ಲಿ ವೈಕಂನಿಂದ ತವಣಕ್ಕಡವಿಗೆ 75 ಮಂದಿಯನ್ನು ಒಯ್ಯುವ ಸೌರದೋಣಿ ‘ಆದಿತ್ಯ’ 2017ರಿಂದ ಓಡುತ್ತಿದೆ. ಆ ದಾರಿಗೆ, ಆ ವೇಗಕ್ಕೆ ಎಂದೇ ರೂಪಿಸಿದ್ದರಿಂದ ಅದು ಗೆದ್ದಿತು. ನಮ್ಮ ಹರಿಗೋಲಿಗೂ ಅಂಥದೇ ಗಮನ ಬೇಕು. ಟೆಂಡರು ಕರೆದು ಸಾವಿರಾರು ಮೋಟಾರು ಕೊಂಡು ಗೋದಾಮಿನಲ್ಲಿ ತುಕ್ಕು ಹಿಡಿಸುವುದು ಬೇಡ.

ಕಾನೂನಿನ ಗಂಟೂ ಒಂದಿದೆ. 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರಬಲದಿಂದ ಸಾಗುವ ನೌಕೆಗೆ ತಪಾಸಣೆ, ನೋಂದಣಿ, ವಿಮೆ ಬೇಕೆನ್ನುತ್ತದೆ. ಯಂತ್ರವಿಲ್ಲದವನ್ನು ಸ್ಥಳೀಯ ಸಂಸ್ಥೆಗಳ ದಾಖಲೆಗೆ ಬಿಟ್ಟಿದೆ. ಆಳು ನಡಿಗೆಯ ವೇಗದಲ್ಲಿ ಹೋಗುವ ಹರಿಗೋಲನ್ನು ಪ್ರವಾಸಿ ಬೋಟಿನ ಸಾಲಿಗೆ ಸೇರಿಸಿದರೆ ಮೀನುಗಾರ ಕಚೇರಿಗೆ ಅಲೆದು ಸುಸ್ತಾಗುತ್ತಾನೆ. ಇಂತಿಷ್ಟು ತಳ್ಳುಬಲದೊಳಗಿನ ವಿದ್ಯುತ್ ಹರಿಗೋಲಿಗೆ ಪಂಚಾಯಿತಿ ಮಟ್ಟದ ಸರಳ ದಾಖಲೆ ಸಾಕು ಎಂದು ಸರ್ಕಾರ ಸ್ಪಷ್ಟಪಡಿಸಬೇಕು. ಬದಲಿಗೆ ಜೀವರಕ್ಷಕ ಅಂಗಿಯನ್ನು ಕಡ್ಡಾಯ ಮಾಡಲಿ. ಅದಕ್ಕೆ ಯಾರದೂ ತಕರಾರು ಇರಲಾರದು.

ಕೆಆರ್‌ಪಿ ಡ್ಯಾಮಿನ ಬಳಿ ಸಾಲಾಗಿ ನಿಂತ ಅಂಗಡಿಗಳಲ್ಲಿ ಮೀನು ಫ್ರೈ ತಿನ್ನಲು ಬೆಂಗಳೂರಿನಿಂದ ವಾರಾಂತ್ಯಕ್ಕೆ ಕಾರು ಹತ್ತಿ ಹೋಗುವವರು ಬಹಳ. ಅವರಲ್ಲಿ ಎಷ್ಟೋ ಮಂದಿ ವಿದ್ಯುತ್ ವಾಹನ ಕೊಂಡು ಅದಕ್ಕೆ ಸಿಕ್ಕ ಸರ್ಕಾರಿ ರಿಯಾಯಿತಿಯನ್ನೂ ಪಡೆದವರು. ಪೇಟೆಯವನ ಸವಾರಿ ಹಗುರ ಮಾಡಲು ಸಾರ್ವಜನಿಕ ಹಣ ಸುರಿದ ವ್ಯವಸ್ಥೆ, ಅದೇ ಬ್ಯಾಟರಿ ತಯಾರಾಗುವ ಊರಿನ ಮೀನುಗಾರನಿಗೆ ಅರ್ಧ ಯೂನಿಟ್ಟಿನ ಮೋಟಾರು ಕೊಡಲು ಹಿಂದುಮುಂದು ನೋಡಬೇಕಾದ ಕಾರಣವಿಲ್ಲ. ಮೊದಲು ಸಂಘದ ಸಭೆಯಲ್ಲಿ ಬಲೆಯ ಅಳತೆ ಗೊತ್ತುಮಾಡಿ. ಆಮೇಲೆ ಮೋಟಾರು ತನ್ನಿ. ಈ ಕ್ರಮ ತಪ್ಪಿದರೆ ಜಲಾಶಯದಲ್ಲೂ ರಂಪಣಿಯ ಕತೆಯೇ ಮರುಕಳಿಸುತ್ತದೆ.